ಇಬ್ಬರಿಗೊಂದು ಬಾಣಲೆ

ಹದಿನಾಲ್ಕು ಮಂದಿಗೆ ಅಡುಗೆ ಮಾಡುವುದಕ್ಕಿಂತ ಇಬ್ಬರಿಗೆ ಮಾಡುವುದೇ ಕಷ್ಟವೆಂದು ಯಾರಾದರೂ ನನ್ನ ಅಜ್ಜಿಯ ಎದುರಿಗೆ ಹೇಳಿದ್ದರೆ, ಆಕೆ ಹೇಳಿದವನ ಮುಖವನ್ನೊಮ್ಮೆ ನೋಡಿ, ಒಲೆಯ ಮೇಲೆ ತಕತಕನೆ ಕುದಿಯುತ್ತಿದ್ದ ತನ್ನ ದೊಡ್ಡ ಮಡಕೆಯನ್ನೊಮ್ಮೆ ನೋಡಿ, "ಹೊಟ್ಟೆ ಹಸ್ದಿರ್ಬೇಕು ಮಗ, ಬಾ, ಕೂತ್ಕೊ" ಎಂದು ವಾದಕ್ಕೆ ಪ್ರತಿವಾದವಾಗಿ ಒಂದು ಮುದ್ದೆಯನ್ನು ತಟ್ಟೆಗೆ ಹಾಕುತ್ತಿದ್ದಳೇ ಹೊರತು, ಆ ಮಾತಿನಲ್ಲಿ ಏನಾದರೂ ಅರ್ಥವಿದ್ದೀತೆಂದು ಕ್ಷಣಮಾತ್ರವೂ ನಂಬುತ್ತಿರಲಿಲ್ಲ. ಮಂಡ್ಯದ ಸೀಮೆಯ ನಮ್ಮ ಮನೆಯಲ್ಲಿ ದಿನವೂ ಉಣ್ಣುತ್ತಿದ್ದವರು ಹದಿನಾಲ್ಕು ಜನ. ಹೊಲದಲ್ಲಿ ಆಳು ಬಂದ ದಿನ, ಊರಿನಿಂದ ನೆಂಟರು ಬಂದ ದಿನ ಆ ಸಂಖ್ಯೆಗೆ ಮೇಲ್ಮಿತಿಯೇ ಇರಲಿಲ್ಲ. ಆಕೆಯ ಕೈಗೆ ಒಗ್ಗಿದ್ದ ಅಳತೆಗಳು ಸೇರು, ಪಾವು, ಹಿಡಿ, ಚಿಟಿಕೆ. ಅವುಗಳೊಳಗೆ ಅತ್ಯಲ್ಪವಾದ ಚಿಟಿಕೆಯೂ ಸಹ ಹದಿನಾಲ್ಕು ಬಾಯಿಗಳನ್ನು ಕಂಡ ಬೆರಳುಗಳ ಚಿಟಿಕೆಯಾಗಿತ್ತು.

ನಮ್ಮ ಪಾಕಶಾಸ್ತ್ರದ ಪರಂಪರೆಯನ್ನು ಕೆದಕಿದರೂ ಕಾಣುವುದು ಇದೇ ಸಮೃದ್ಧಿ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು ಮತ್ಸ್ಯಮಾಂಸಗಳ ಪಾಕವಿಧಾನವನ್ನು ರಾಜೋಚಿತವಾದ ಗಾಂಭೀರ್ಯದಿಂದ ನಿರೂಪಿಸಿದ್ದಾನೆ. 16ನೆಯ ಶತಮಾನದ ಜೈನಕವಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಕಟ್ಟಿ ಕಾಯಿಪಲ್ಯಗಳಿಗೂ ಕಾವ್ಯಪದವಿಯನ್ನು ದೊರಕಿಸಿದ್ದಾನೆ. ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಿಂದ ಸೌಟು ಹಿಡಿದ ಭೀಮಸೇನನಂತೂ ತನ್ನೊಬ್ಬನ ಹೊಟ್ಟೆಗೇ ಒಂದು ಊರಿನ ಅಡುಗೆಯನ್ನು ಮಾಡಿಕೊಳ್ಳಬೇಕಾಗಿದ್ದವನು. ಇವರು ಯಾರೂ, ಮಕ್ಕಳು ರೆಕ್ಕೆ ಬಲಿತು ಹಾರಿಹೋದ ಮೇಲೆ ಮೈಸೂರಿನ ಒಂದು ಸಣ್ಣ ಮನೆಯಲ್ಲಿ ಉಳಿದ ಮುದುಕ ಮುದುಕಿಯರಿಬ್ಬರು ರಾತ್ರಿ ಏನು ಉಣ್ಣಬೇಕು, ಉಂಡು ಮಿಕ್ಕದಂತೆ ಎಷ್ಟು ಬೇಯಿಸಬೇಕು, ಬೇಯಿಸಿದ ಪಾತ್ರೆಯನ್ನು ತೊಳೆಯುವವರಾರು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ.

ಈ ಪ್ರಶ್ನೆಗಳು ನನ್ನ ಪಾಲಿಗೆ ಬಂದುದು ನನ್ನ ಮನೆಯಾಕೆಯ ಮಂಡಿಯ ಮೂಲಕ. ನಲವತ್ತು ವರ್ಷ ಒಲೆಯ ಮುಂದೆ ನಿಂತ ಆ ಮಂಡಿಗಳು ಒಂದು ದಿನ ಇನ್ನು ನಿಲ್ಲಲಾರೆವೆಂದು ಸತ್ಯಾಗ್ರಹ ಹೂಡಿದವು. ವೈದ್ಯರು ಮೂರು ವಾರ ಹೆಚ್ಚು ಹೊತ್ತು ನಿಲ್ಲಕೂಡದೆಂದು ಅಪ್ಪಣೆ ಮಾಡಿದರು. ನಾನು ಧೀರೋದಾತ್ತನಾಯಕನ ಠೀವಿಯಿಂದ, "ಈ ಭಾನುವಾರ ರಾತ್ರಿಯ ಅಡುಗೆ ನಂದು, ಕೋಳಿ ಮಾಡ್ತೀನಿ" ಎಂದೆ. ಆಕೆ ಸಂತೋಷಪಟ್ಟಾಳೆಂದು ನಿರೀಕ್ಷಿಸಿದ್ದವನಿಗೆ ಕಂಡದ್ದು ಒಂದು ಬಗೆಯ ಭೀತಿ. ಆ ಭೀತಿಗೆ ಚಾರಿತ್ರಿಕವಾದ ಕಾರಣವಿತ್ತು. ಹಿಂದೊಮ್ಮೆ ಆಕೆ ತವರಿನಿಂದ ಮರಳುವ ದಿನ ನಾನು ಉಪ್ಪಿಟ್ಟು ಮಾಡಿಡುವ ಸಾಹಸಕ್ಕೆ ಕೈಹಾಕಿ, ರವೆ ಹುರಿಯುವುದಕ್ಕೆ ಒಂದು ಪಾತ್ರೆ, ಹುರಿದುದನ್ನು ಆರಿಸುವುದಕ್ಕೆ ಒಂದು, ನೀರು ಕಾಯಿಸುವುದಕ್ಕೆ ಒಂದು, ನೀರು ಹೆಚ್ಚಾದಾಗ ಬಗ್ಗಿಸುವುದಕ್ಕೆ ಮತ್ತೊಂದು, ಹೀಗೆ ಒಂಬತ್ತು ಪಾತ್ರೆಗಳನ್ನು ಒಂದು ಪಾವು ರವೆಯ ಸೇವೆಗೆ ನಿಯೋಜಿಸಿ, ಕಡೆಗೆ ಉಪ್ಪನ್ನೇ ಹಾಕದೆ, ಹೆಸರಿನಲ್ಲಿ ಮಾತ್ರ ಉಪ್ಪಿರುವ ಉಪ್ಪಿಟ್ಟನ್ನು ಆಕೆಯ ಮುಂದಿಟ್ಟಿದ್ದೆ. ಗಂಡಸರು ಮಾಡುವ ಅಡುಗೆಯಲ್ಲಿ ರುಚಿಯ ಲೋಪವನ್ನು ಹೆಂಗಸರು ಕ್ಷಮಿಸಿಯಾರು. ಆದರೆ ಅಡುಗೆಮನೆಯನ್ನು ಕುರುಕ್ಷೇತ್ರವನ್ನಾಗಿ ಮಾಡಿ ಹೋಗುವುದನ್ನು ಕ್ಷಮಿಸಲಾರರು.

ಆದುದರಿಂದ ಆಕೆ ಎರಡು ಷರತ್ತುಗಳನ್ನು ವಿಧಿಸಿದಳು. ಮೊದಲನೆಯದು, ಇಡೀ ಅಡುಗೆ ಒಂದೇ ಬಾಣಲೆಯಲ್ಲಿ ಆಗತಕ್ಕದ್ದು. ಆ ಬಾಣಲೆಯನ್ನು ತೊಳೆಯತಕ್ಕವನೂ ನಾನೇ. ಎರಡನೆಯದು, ಖರ್ಚು 200 ರೂಪಾಯಿಯನ್ನು ಮೀರಕೂಡದು. "ಒಂದು ನೋಟು ಕೊಡ್ತೀನಿ, ಚಿಲ್ಲರೆ ವಾಪಸ್ ತರಬೇಕು" ಎಂದು ಸಾಸುವೆ ಡಬ್ಬಿಯ ಹಿಂದಿನಿಂದ ನೋಟೊಂದನ್ನು ತೆಗೆದು ನನ್ನ ಕೈಗಿತ್ತಳು. ಬಹಳ ಚರ್ಚೆಯಾದ ಮೇಲೆ ಈಳಿಗೆಮಣೆಯನ್ನೂ ಕುಟ್ಟಾಣಿಯನ್ನೂ ಪಾತ್ರೆಗಳ ಲೆಕ್ಕದಿಂದ ಹೊರಗಿಡುವುದಕ್ಕೆ ಒಪ್ಪಿಗೆ ದೊರೆಯಿತು. ಬಾಣಲೆಯ ಮುಚ್ಚಳವು ಬಾಣಲೆಯದೇ ಅಂಗವೆಂಬ ನನ್ನ ವಾದವನ್ನೂ ಆಕೆ ಮನ್ನಿಸಿದಳು. ಈ ಕೊನೆಯ ರಿಯಾಯತಿ ಎಷ್ಟು ಉಪಕಾರಕವೆಂಬುದು ಆಮೇಲೆ ತಿಳಿಯಿತು.

ಕೋಳಿ ಎಂಬ ಪಕ್ಷಿ ನನ್ನ ಬಾಲ್ಯದಲ್ಲಿ ನಿತ್ಯದ ಆಹಾರವಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅದು ಅಂಗಳದಲ್ಲಿ ಕೆದಕುತ್ತ, ಸಂಜೆಗೆ ಮಂಕರಿಯ ಕೆಳಗೆ ಅಡಗುತ್ತ ಬದುಕಿದ್ದು, ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೋ, ಮಾರಿಹಬ್ಬಕ್ಕೋ, ಅಳಿಯನ ಆಗಮನಕ್ಕೋ ಮಾತ್ರ ತನ್ನ ಜನ್ಮವನ್ನು ಸಾರ್ಥಕಪಡಿಸಿಕೊಳ್ಳುತ್ತಿತ್ತು. ಕಾರಣವಿಲ್ಲದೆ ಕೋಳಿ ಕೊಯ್ಯುವ ಮನೆಯನ್ನು ಊರವರು ಅನುಮಾನದಿಂದ ನೋಡುತ್ತಿದ್ದರು. ಗರಿ ತರಿದ ಕೋಳಿಗೆ ಅರಿಸಿನ ಹಚ್ಚಿ ಉರಿಯ ಮೇಲೆ ಆಡಿಸಿದಾಗ ಏಳುತ್ತಿದ್ದ ವಾಸನೆಯೇ ನೆರೆಮನೆಗೆ ಸುದ್ದಿ ಮುಟ್ಟಿಸುತ್ತಿತ್ತು: ಯಾರೋ ಬಂದಿದ್ದಾರೆ. ಒಂದು ಕೋಳಿಯನ್ನು ಹದಿನಾಲ್ಕು ಜನರಿಗೆ ಹಂಚುವ ಗಣಿತವನ್ನು ಅಜ್ಜಿ ನೀರಿನಿಂದ ಸಾಧಿಸುತ್ತಿದ್ದಳು. ಬಾಡು ಎಷ್ಟೇ ಇರಲಿ, ಸಾರು ಮಾತ್ರ ಎಲ್ಲರ ಮುದ್ದೆಯೂ ಮುಳುಗುವಷ್ಟು ಇರುತ್ತಿತ್ತು. ಇನ್ನು ತುಂಡುಗಳ ಹಂಚಿಕೆಯಲ್ಲಿ ಒಂದು ಅಲಿಖಿತ ಸಂವಿಧಾನವೇ ಇದ್ದಿತು. ತೊಡೆ ಅಳಿಯನಿಗೆ, ಅಳಿಯನಿಲ್ಲದಾಗ ತಾತನಿಗೆ. ಈಲಿ ಹಲ್ಲಿಲ್ಲದ ಮುದುಕರಿಗೂ ಹಲ್ಲು ಬರುತ್ತಿರುವ ಮಕ್ಕಳಿಗೂ. ಎದೆಯ ತುಂಡು ಹೊಲಕ್ಕೆ ಹೋಗುವ ಗಂಡಸರಿಗೆ. ರೆಕ್ಕೆ ಶಾಲೆಗೆ ಹೋಗುವ ಹುಡುಗರಿಗೆ. ಎಲ್ಲರೂ ಎದ್ದ ಮೇಲೆ ಒಲೆಯ ಬಳಿ ಕುಳಿತು ನನ್ನ ತಾಯಿ ಉಣ್ಣುತ್ತಿದ್ದುದು ಕತ್ತಿನ ತುಂಡು. ಮುಂದೆ ನನ್ನ ಮನೆಯಲ್ಲಿಯೂ ಈ ಸಂವಿಧಾನವು ಯಾವ ತಿದ್ದುಪಡಿಯೂ ಇಲ್ಲದೆ ಜಾರಿಗೆ ಬಂದು, ಕತ್ತು ನನ್ನ ಹೆಂಡತಿಯ ಪಾಲಾಯಿತು. "ನಂಗೆ ಅದೇ ಇಷ್ಟ" ಎಂದು ಆಕೆ ಹೇಳುತ್ತಿದ್ದುದುಂಟು. ತಾಯಂದಿರು ಹೀಗೆ ಹೇಳುವ ಮಾತಿಗೆ ಏನರ್ಥವೆಂಬುದನ್ನು ಕಥೆ ಕಾದಂಬರಿಗಳಿಂದ ಕಲಿತಿದ್ದ ನಾನು, ಆ ಭಾನುವಾರ ಕೋಳಿಯಂಗಡಿಯ ಕಡೆಗೆ ನಡೆಯುವಾಗ, ನಲವತ್ತು ವರ್ಷದ ಅನ್ಯಾಯವನ್ನು ಇಂದು ಸರಿಪಡಿಸುವೆನೆಂದು ಮನಸ್ಸಿನಲ್ಲಿಯೇ ಪ್ರತಿಜ್ಞೆ ಮಾಡಿದೆ.

ಅಂಗಡಿಯ ಹುಡುಗ ನನ್ನನ್ನು ಕಂಡು, "ಏನ್ ಮೇಷ್ಟ್ರೇ, ಅಮ್ಮಾವ್ರು ಊರಿಗೆ ಹೋಗಿದಾರಾ?" ಎಂದು ವಿಚಾರಿಸಿದನು. ಅಲ್ಲಿ ಮೂರು ಜಾತಿಯ ಕೋಳಿಗಳಿದ್ದವು: ನಾಟಿ, ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಮತ್ತು ಫಾರಂ ಕೋಳಿ. ನಾಟಿ ಕೋಳಿಯ ರುಚಿಗೆ ಸಮನಾದುದಿಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಅದು ಬೇಯುವುದಕ್ಕೆ ಬೇಕಾದ ತಾಳ್ಮೆಯೂ ಕೊಳ್ಳುವುದಕ್ಕೆ ಬೇಕಾದ ಹಣವೂ ನನ್ನ 200 ರೂಪಾಯಿಯ ಸಾಮರ್ಥ್ಯವನ್ನು ಮೀರಿದವು. ಆರು ವಾರದೊಳಗೆ 2 ಕಿಲೋ ತೂಗುವ ಫಾರಂ ಕೋಳಿ, ಜೀವನವನ್ನು ಹೆಚ್ಚು ಕಾಣದ ಪ್ರಾಣಿಯಾದುದರಿಂದ, ಹೆಚ್ಚು ಬೇಯಿಸಿಕೊಳ್ಳಲೂ ಬೇಕಾಗಿಲ್ಲ. 600 ಗ್ರಾಂ ಕೊಡೆಂದೆ. ಆಗ ಅವನು ಕೇಳಿದ ಪ್ರಶ್ನೆ ನನ್ನನ್ನು ತಬ್ಬಿಬ್ಬುಗೊಳಿಸಿತು: "ವಿತ್ ಸ್ಕಿನ್ನಾ, ಸ್ಕಿನ್‌ಲೆಸ್ಸಾ?"

ಚರ್ಮಸಹಿತವಾದುದಕ್ಕೆ ಬೆಲೆ ಕಡಿಮೆ ಎಂದು ತಿಳಿದೊಡನೆಯೇ ನನ್ನ ತತ್ತ್ವಜಿಜ್ಞಾಸೆ ಮುಗಿಯಿತು. ಚರ್ಮದ ಅಡಿಯಲ್ಲಿ ಕೊಬ್ಬಿದೆ. ಕೊಬ್ಬು ಕರಗಿದರೆ ಎಣ್ಣೆಯ ಖರ್ಚೇ ಇಲ್ಲ. ಅಂದ ಮೇಲೆ ಚರ್ಮವನ್ನು ಬಿಸಾಡಲು ಹೆಚ್ಚು ಹಣ ತೆತ್ತು, ಆಮೇಲೆ ಎಣ್ಣೆಗೆ ಮತ್ತೆ ಹಣ ತೆರುವುದು ಯಾವ ಅರ್ಥಶಾಸ್ತ್ರ? ಅಲ್ಲದೆ ಆ ಚರ್ಮದ ಹಳದಿ ಬಣ್ಣಕ್ಕೆ ನಮ್ಮ ನಾಡಿನೊಡನೆ ಒಂದು ನಂಟೂ ಉಂಟು. ಊರುಕೋಳಿಯ ಮೂಲಪುರುಷ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯೆಂದು ಬಹುಕಾಲದಿಂದ ತಿಳಿದಿತ್ತು. ಆದರೆ ಚರ್ಮಕ್ಕೆ ಹಳದಿಯನ್ನು ತರುವ ವಂಶವಾಹಿ ಮಾತ್ರ ಆ ಕುಲದ್ದಲ್ಲವೆಂದೂ, ಬೂದು ಕಾಡುಕೋಳಿಯಿಂದ ಬಂದುದೆಂದೂ 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಬಂಡೀಪುರ, ನಾಗರಹೊಳೆಗಳ ಪೊದೆಗಳಲ್ಲಿ ಮುಂಜಾನೆ ಒಡೆದ ಕಂಠದಿಂದ ಕೂಗುವ ಆ ಬೂದುಬಣ್ಣದ ಹುಂಜವನ್ನು ನೋಡಿದವರಿಗೆ ಈ ಸಂಗತಿ ಹಿತವೆನಿಸದಿರದು. ಲೋಕದ ಎಷ್ಟೋ ಊರುಗಳ ಹಳದಿ ಕಾಲಿನ ಕೋಳಿಗಳು ದಕ್ಷಿಣದ ಕಾಡಿನ ಈ ಬಂಧುವಿನ ಕಾಣಿಕೆಯನ್ನು ಮೈಮೇಲೆ ಹೊತ್ತು ತಿರುಗುತ್ತಿವೆ. ನಾನು ಈ ಚಿಂತನೆಯಲ್ಲಿರುವಾಗ ಹುಡುಗ ಕತ್ತಿಯನ್ನು ಎತ್ತಿ ಹಿಡಿದು, "ಕತ್ತು ಹಾಕ್ಲಾ ಮೇಷ್ಟ್ರೇ?" ಎಂದನು. ಪ್ರತಿಜ್ಞೆ ನೆನಪಾಯಿತು. "ಬೇಡ, ಆ ಕತ್ತು ನಮ್ಮ ಮನೆಗೆ ಬೇಡವೇ ಬೇಡ" ಎಂದು, ಅವನು ಬೆರಗಾಗುವಷ್ಟು ದೃಢವಾದ ಸ್ವರದಿಂದ ಹೇಳಿದೆ. ಕತ್ತು ಕಟ್ಟೆಯ ಕೆಳಗೆ ಕಾದಿದ್ದ ನಾಯಿಗೆ ಸಂದಿತು. ಸಮಾಜಸುಧಾರಕರಿಗೆ ಎಂಥ ಆನಂದವಾಗುತ್ತಿದ್ದೀತೆಂಬುದು ಆ ನಾಯಿಯ ಬಾಲವನ್ನು ನೋಡುತ್ತ ನನಗೆ ವೇದ್ಯವಾಯಿತು. ಕೋಳಿಗೆ 138 ರೂಪಾಯಿ, ಕೊತ್ತಂಬರಿ ಪುದೀನ ಸೊಪ್ಪುಗಳಿಗೆ 20; ಉಳಿದ 42 ರೂಪಾಯಿಯನ್ನು ಸಾಸುವೆ ಡಬ್ಬಿಯ ಹಿಂದಕ್ಕೆ ಮರಳಿಸಿ ಬಾಣಲೆಯನ್ನು ಕೈಗೆತ್ತಿಕೊಂಡೆ.

ನಮ್ಮ ಮನೆಯ ಬಾಣಲೆ ಎರಕದ ಕಬ್ಬಿಣದ್ದು. ನನ್ನ ಅತ್ತೆಯವರು ಮಗಳಿಗೆ ಕೊಟ್ಟದ್ದು. ಎತ್ತುವುದಕ್ಕೆ ಭಾರ, ಕಾಯುವುದಕ್ಕೆ ಸಾವಕಾಶ, ಒಮ್ಮೆ ಕಾದರೆ ಆ ಕಾವನ್ನು ಸುಲಭವಾಗಿ ಬಿಟ್ಟುಕೊಡದ ಸ್ವಭಾವ. ತೊಳೆದ ತುಂಡುಗಳನ್ನು ಅದರೊಳಕ್ಕೇ ಹಾಕಿ, ಉಪ್ಪು, ಅರಿಸಿನ, ಕುಟ್ಟಿದ ಮೆಣಸು ಸವರಿ ಅರ್ಧ ಗಂಟೆ ಬಿಟ್ಟೆ. ಅನಂತರ ಪ್ರತಿಯೊಂದು ತುಂಡನ್ನೂ ಒಣಬಟ್ಟೆಯಿಂದ ಒರಸಿದೆ. ನಡುಮನೆಯ ಕುರ್ಚಿಯಿಂದ ಇದನ್ನು ಕಂಡ ನನ್ನಾಕೆ, "ಇದೇನ್ರೀ, ಮಗೂಗೆ ಸ್ನಾನ ಮಾಡಿಸಿ ಒರಸೋ ಹಾಗೆ ಒರಸ್ತಿದೀರಿ!" ಎಂದು ನಕ್ಕಳು. ನಗತಕ್ಕ ವಿಷಯವೇನೋ ಹೌದು. ಆದರೆ ಇದರ ಹಿಂದೆ ಶಾಸ್ತ್ರವಿದೆ. ಮಾಂಸವು ಹೊರಗೆ ಕಂದಾಗಿ ಘಮಘಮಿಸಬೇಕಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ನೀರಿನ ಪಸೆ ಇರುವವರೆಗೂ ತುಂಡಿನ ಮೈ 100 ಡಿಗ್ರಿಯನ್ನು ದಾಟಲಾರದು. ಮಾಂಸದ ಸಸಾರಜನಕಾಂಶವೂ ಸಕ್ಕರೆಯ ಅಂಶವೂ ಕಾವಿನಲ್ಲಿ ಕೂಡಿ ಈ ಬಣ್ಣ, ಈ ಪರಿಮಳಗಳನ್ನು ಹುಟ್ಟಿಸುತ್ತವೆಂಬುದನ್ನು 1912ರಲ್ಲಿ ಮೊದಲು ವಿವರಿಸಿದವನು ಲೂಯಿ ಕಮೀಯ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ. ನನ್ನ ಅಜ್ಜಿಗೆ ಅವನ ಹೆಸರು ತಿಳಿದಿರಲಿಲ್ಲ. ಆದರೆ ಸಾರಿಗೆ ನೀರು ಹೊಯ್ಯುವುದಕ್ಕೆ ಮುಂಚೆ ಬಾಡನ್ನು ಬರಿಯ ಮಡಕೆಯಲ್ಲಿ "ನೀರೆಲ್ಲ ಹಿಂಗೋಗಂಗೆ" ಹುರಿಯಬೇಕೆಂಬ ಆಕೆಯ ಅಪ್ಪಣೆಯಲ್ಲಿ ಆ ವಿದ್ಯೆಯ ಸಾರವೆಲ್ಲ ಅಡಗಿತ್ತು.

ಬಾಣಲೆಯನ್ನು ಒರಸಿ ಒಲೆಯ ಮೇಲೆ ಕಾಯಿಸಿ, ತುಂಡುಗಳನ್ನು ಚರ್ಮ ಕೆಳಗಾಗುವಂತೆ, ಒಂದಕ್ಕೊಂದು ತಾಗದಂತೆ ಇಟ್ಟೆ. ಇಬ್ಬರ ಅಡುಗೆಯ ಒಂದು ಮಹಾಸೌಲಭ್ಯ ನನಗೆ ಗೋಚರವಾದುದು ಆಗಲೇ: ಹದಿನಾಲ್ಕು ಜನರ ಬಾಡು ಪಾತ್ರೆಯಲ್ಲಿ ಸಂತೆಯಂತೆ ಒತ್ತಿಕೊಂಡು ತನ್ನ ಬೆವರಿನಲ್ಲಿ ತಾನೇ ಬೇಯಬೇಕಾಗುತ್ತದೆ, ಇಬ್ಬರದಾದರೋ ಪ್ರತಿಯೊಂದು ತುಂಡಿಗೂ ಕೈಕಾಲು ಚಾಚಿ ಮಲಗುವಷ್ಟು ಸ್ಥಳ ದೊರೆಯುತ್ತದೆ. ಮೊದಲು ತುಂಡುಗಳು ಕಬ್ಬಿಣವನ್ನು ಕಚ್ಚಿ ಹಿಡಿದವು. ಬಿಡಿಸುವುದಕ್ಕೆ ಅವಸರಪಟ್ಟು ಸೌಟನ್ನು ಎತ್ತಿದೊಡನೆ ಒಳಗಿನಿಂದ, "ಬಿಡಿ, ಅದೇ ಬಿಡುತ್ತೆ" ಎಂಬ ಮಾತು ಬಂದಿತು. ಆರೇಳು ನಿಮಿಷದಲ್ಲಿ ಕೊಬ್ಬು ಕರಗಿ ಚಟಪಟನೆ ಸದ್ದು ಮಾಡುತ್ತ, ತುಂಡುಗಳು ತಾವಾಗಿಯೇ ತಳವನ್ನು ಬಿಟ್ಟವು. ಅವನ್ನು ಮಗುಚಿ ಮತ್ತೆರಡು ನಿಮಿಷ ಹುರಿದು, ಬಾಣಲೆಯ ಮುಚ್ಚಳವನ್ನೇ ಬೋರಲು ಹಾಕಿ ತಟ್ಟೆಯನ್ನಾಗಿ ಮಾಡಿಕೊಂಡು ಅದರ ಮೇಲೆ ತೆಗೆದಿಟ್ಟೆ. ಹತ್ತನೆಯ ಪಾತ್ರೆಯ ಅಪಾಯ ಹೀಗೆ ತಪ್ಪಿತು.

ಬಾಣಲೆಯ ತಳದಲ್ಲಿ ಈಗ ಮೂರು ಚಮಚದಷ್ಟು ಹೊಂಬಣ್ಣದ ಕೊಬ್ಬೂ, ಕಚ್ಚಿಕೊಂಡ ಕಂದು ಬಣ್ಣದ ಹೊಪ್ಪಳೆಯೂ ಉಳಿದಿದ್ದವು. ಕಂಡವರು ಸೀದಿತೆಂದು ಹೆದರಿ ತಿಕ್ಕಿ ತೊಳೆದುಬಿಟ್ಟಾರು; ಆದರೆ ಇಡೀ ಅಡುಗೆಯ ರುಚಿ ಠೇವಣಿಯಾಗಿ ಕುಳಿತಿರುವುದು ಅಲ್ಲಿಯೇ. ಒಂದು ಪಾತ್ರೆಯ ಅಡುಗೆಯೆಂದರೆ ಶ್ರಮ ಉಳಿಸುವ ಉಪಾಯವೆಂದು ಮಾತ್ರ ತಿಳಿದಿದ್ದೆನು. ಮೊದಲು ಬೆಂದುದರ ನೆನಪನ್ನು ಪಾತ್ರೆಯು ಅನಂತರ ಬರುವುದಕ್ಕೆ ಒಪ್ಪಿಸುತ್ತ ಹೋಗುವ ಕ್ರಮವೂ ಅದೇ ಎಂಬುದು ಈಗ ತಿಳಿಯಿತು. ಚೂರು ಚಕ್ಕೆ, ಎರಡು ಲವಂಗ ಹಾಕಿ, ಉದ್ದುದ್ದ ಹೆಚ್ಚಿದ ಎರಡು ಈರುಳ್ಳಿ ಸೇರಿಸಿದೆ. ಈರುಳ್ಳಿ ಬಿಟ್ಟ ನೀರಿಗೆ ತಳದ ಕಂದೆಲ್ಲ ಕರಗಿ ಮೇಲೆದ್ದಿತು. ಶುಂಠಿ, ಎಂಟು ಎಸಳು ಬೆಳ್ಳುಳ್ಳಿ, ನಾಲ್ಕು ಹಸಿಮೆಣಸಿನಕಾಯಿ, ಒಂದೊಂದು ಹಿಡಿ ಕೊತ್ತಂಬರಿ ಪುದೀನಗಳನ್ನು ಕುಟ್ಟಾಣಿಯಲ್ಲಿ ಜಜ್ಜಿ ಹಾಕಿ, ಹಸಿವಾಸನೆ ಹೋಗುವವರೆಗೆ ಬಾಡಿಸಿ, ಹೆಚ್ಚಿದ ಎರಡು ಟೊಮೆಟೊ, ಮೂರು ಚಮಚ ಮೊಸರು ಬೆರೆಸಿದೆ. ಇಪ್ಪತ್ತು ನಿಮಿಷ ನೆನೆದಿದ್ದ ಒಂದು ಬಟ್ಟಲು ಸೋನಾ ಮಸೂರಿ ಅಕ್ಕಿಯನ್ನು ನೀರು ಬಸಿದು ಹಾಕಿ ಎರಡು ಸುತ್ತು ಕೈಯಾಡಿಸಿ, ಅದೇ ಬಟ್ಟಲಿನಿಂದ ಎರಡಕ್ಕೆ ಸ್ವಲ್ಪ ಕಡಿಮೆ ನೀರು ಹೊಯ್ದೆ. ಕೋಳಿಯೂ ಟೊಮೆಟೊವೂ ತಮ್ಮ ಪಾಲಿನ ನೀರನ್ನು ತಾವೇ ತರುತ್ತವೆ. ಅಕ್ಕಿ ನೆನೆದ ಆ ಬಟ್ಟಲು ಕರಾರಿನ ಉಲ್ಲಂಘನೆಯಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಊಟಕ್ಕೆ ಮೊಸರು ಬಡಿಸುವುದಕ್ಕೂ ಅದನ್ನೇ ಬಳಸಿ ಪಾಪವನ್ನು ತೊಳೆದುಕೊಂಡೆ. ನೀರು ಕುದಿ ಬಂದಾಗ ತುಂಡುಗಳನ್ನು, ಮುಚ್ಚಳದ ಮೇಲೆ ಸೋರಿದ್ದ ರಸವನ್ನೂ ಬಿಡದೆ, ಚರ್ಮ ಮೇಲಾಗುವಂತೆ ಅಕ್ಕಿಯ ಮೇಲೆ ಜೋಡಿಸಿ, ಉರಿ ತಗ್ಗಿಸಿ, ಮುಚ್ಚಿದೆ. ಹದಿನೆಂಟು ನಿಮಿಷ ಸಣ್ಣ ಉರಿ. ಹತ್ತು ನಿಮಿಷ ಉರಿಯಿಲ್ಲದೆ ಬರಿಯ ಹಬೆ.

ಮುಚ್ಚಿದ ಬಾಣಲೆಯ ಮುಂದೆ ಮಾಡುವುದಕ್ಕೆ ಏನೂ ಇಲ್ಲದೆ ನಿಂತಾಗ ನನಗೆ ನಳಮಹಾರಾಜನ ನೆನಪಾಯಿತು. ನಳಪಾಕವೆಂಬ ಮಾತನ್ನು ನಾವು ಮದುವೆಮನೆಯ ಎಲೆಯ ಮುಂದೆ ಕುಳಿತು ಧಾರಾಳವಾಗಿ ಬಳಸುತ್ತೇವೆ; ಆದರೆ ವ್ಯಾಸಭಾರತದ ವನಪರ್ವದಲ್ಲಿ ಆ ಪಾಕದ ಪರೀಕ್ಷೆ ನಡೆಯುವುದು ಒಬ್ಬಳೇ ಒಬ್ಬಳ ನಾಲಗೆಯ ಮೇಲೆ. ವಿಕೃತರೂಪವನ್ನು ಹೊತ್ತು, ಬಾಹುಕನೆಂಬ ಸಾರಥಿಯಾಗಿ ಕುಂಡಿನಪುರಕ್ಕೆ ಬಂದ ನಳನ ಮೇಲೆ ದಮಯಂತಿಗೆ ಸಂದೇಹ ಹುಟ್ಟುತ್ತದೆ. ಅವನು ನೋಡಿದೊಡನೆ ಕೊಡಗಳು ತುಂಬಿಕೊಳ್ಳುತ್ತವೆಂದೂ, ಹಿಡಿದ ಹುಲ್ಲು ಹೊತ್ತಿಕೊಳ್ಳುತ್ತದೆಂದೂ ಸಖಿ ಕೇಶಿನಿ ಬಂದು ಹೇಳಿದ ಮೇಲೆಯೂ ಆಕೆಗೆ ಪೂರ್ತಿ ನಂಬಿಕೆಯಾಗುವುದಿಲ್ಲ. ಅವನು ಬೇಯಿಸಿದ ಮಾಂಸದ ಒಂದು ತುಣುಕನ್ನು ತರಿಸಿ ಬಾಯಿಗಿಟ್ಟಾಗ ಮಾತ್ರ, ಹಿಂದೆ ಎಷ್ಟೋ ಸಲ ಉಂಡು ಬಲ್ಲ ಆ ರುಚಿಯಿಂದ ಗಂಡನ ಗುರುತು ಹತ್ತಿ ಅಳುತ್ತಾಳೆ. ರೂಪ ಮರೆಸಬಹುದು, ಹೆಸರು ಮರೆಸಬಹುದು, ಕೈರುಚಿಯನ್ನು ಮರೆಸಲಾಗದು. ಲೈಟರನ್ನು ಎಂಟು ಸಲ ಒತ್ತಿ ಒಲೆ ಹಚ್ಚಿದವನಾದ ನಾನು ನಳನೊಡನೆ ಹೋಲಿಸಿಕೊಳ್ಳುವುದು ಅಧಿಕಪ್ರಸಂಗವೇ ಸರಿ. ಆದರೂ ಮುಚ್ಚಳದ ಸಂದಿಯಿಂದ ಪುದೀನದ ಹಬೆ ಏಳುತ್ತಿದ್ದ ಆ ಗಳಿಗೆಯಲ್ಲಿ ಅಂಥ ದುರಾಸೆ ಮನಸ್ಸಿಗೆ ಬಂದಿತೆಂಬುದು ನಿಜ.

ಎರಡು ತಟ್ಟೆಗಳನ್ನು ಹಾಕಿ ಬಾಣಲೆಯನ್ನೇ ಮೇಜಿಗೆ ತಂದೆ. ಅನ್ನ ಉದುರುದುರಾಗಿತ್ತು, ತಳದಲ್ಲಿ ತೆಳ್ಳಗೆ ಹೊಂಬಣ್ಣದ ಪದರ ಹಿಡಿದಿತ್ತು, ತುಂಡುಗಳು ಬೆಂದಿದ್ದವು. ನಾನು ಅತ್ಯಂತ ಗಾಂಭೀರ್ಯದಿಂದ, ಶಾಸನವೊಂದನ್ನು ಓದುವವನಂತೆ, ಎರಡು ತೊಡೆಗಳನ್ನೂ ಎತ್ತಿ ನನ್ನ ಹೆಂಡತಿಯ ತಟ್ಟೆಗೆ ಇಟ್ಟೆ. ಆಕೆ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆರೆದು, "ನೀವೇ ಮಾಡಿದ್ದು ಅಂತ ಯಾರಾದ್ರೂ ಹೇಳ್ಬಹುದು. ಉಪ್ಪು ಹಾಕೋವಾಗ ಏನೋ ಯೋಚನೆ ಮಾಡ್ತಿದ್ರಿ" ಎಂದಳು. ದಮಯಂತಿಯ ಗುರುತು ಹಿಡಿಯುವ ಶಕ್ತಿ ಈ ಯುಗದಲ್ಲಿಯೂ ಅಳಿದಿಲ್ಲವೆಂದು ತಿಳಿದು ನಾನು ಉಪ್ಪಿನ ಭರಣಿಯನ್ನು ತಂದಿಟ್ಟೆ. ಅದರ ಹೊರತು ಊಟಕ್ಕೆ ಬೇರೆ ದೋಷ ಬರಲಿಲ್ಲ. ಆಕೆ ಒಂದು ತೊಡೆಯನ್ನು ತಿಂದು, ಎರಡನೆಯದನ್ನು ನನ್ನ ತಟ್ಟೆಗೆ ದಾಟಿಸಿ, ಸೌಟಿನಿಂದ ಬಾಣಲೆಯ ಅನ್ನವನ್ನು ಅತ್ತಿತ್ತ ಸರಿಸಿ ಏನನ್ನೋ ಹುಡುಕತೊಡಗಿದಳು.

"ಏನು ಹುಡುಕ್ತಿದೀಯ?" ಎಂದೆ.

"ಕತ್ತೆಲ್ಲಿ?"

ನಾನು ಅಂಗಡಿಯ ವೃತ್ತಾಂತವನ್ನು, ಪ್ರತಿಜ್ಞೆ ಮತ್ತು ನಾಯಿಯ ಪ್ರಕರಣಗಳೊಡನೆ, ಸವಿಸ್ತಾರವಾಗಿ ಹೇಳಿದೆ. ಇನ್ನು ಮುಂದೆ ಈ ಮನೆಯಲ್ಲಿ ಆಕೆ ಕತ್ತು ತಿನ್ನಬೇಕಾಗಿಲ್ಲವೆಂದು ಘೋಷಿಸಿದೆ. ಕಣ್ಣಲ್ಲಿ ನೀರು ಬರಬಹುದೆಂದುಕೊಂಡಿದ್ದೆ; ಬಂದದ್ದು ಸಿಟ್ಟು. "ನಾಯಿಗೆ ಹಾಕಿದ್ರಾ! ನಲವತ್ತು ವರ್ಷದಿಂದ ಅದೇ ಇಷ್ಟ, ಅದೇ ಇಷ್ಟ ಅಂತ ಹೇಳ್ತಾನೇ ಇದೀನಲ್ಲ, ಯಾವತ್ತಾದ್ರೂ ಕಿವಿಗೆ ಬಿತ್ತಾ?" ಎಂದಳು. ನಿಜವಾಗಿಯೂ ಇಷ್ಟವೇ ಎಂದು ನಾನು ಬೆರಗಾಗಿ ಕೇಳಿದಾಗ, ಸಿಟ್ಟು ಇಳಿದು, ಸ್ವಲ್ಪ ಹೊತ್ತು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದು ಹೇಳಿದಳು: "ತೊಡೆ ಎರಡು ಬಾಯಿಗೆ ಮುಗಿದುಹೋಗುತ್ತೆ. ಕತ್ತು ಹಾಗಲ್ಲ, ಒಂದೊಂದು ಮೂಳೇನೂ ಬಿಡಿಸಿ ಬಿಡಿಸಿ ಚೀಪ್ಬೇಕು, ಅರ್ಧ ಗಂಟೆ ಹಿಡಿಯುತ್ತೆ. ಎಲ್ಲಾರೂ ಎದ್ದು ಹೋಗಿರೋರು, ಯಾರೂ ನೀರು ಕೇಳ್ತಿರ್ಲಿಲ್ಲ, ಅನ್ನ ಕೇಳ್ತಿರ್ಲಿಲ್ಲ. ಇನ್ನೂ ಉಣ್ತಿದಾಳೆ ಅಂತ ಯಾರೂ ಕೂಗ್ತಾನೂ ಇರ್ಲಿಲ್ಲ. ಆ ಅರ್ಧ ಗಂಟೆ ನಂದು."

ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ ಎಂದು ನಮ್ಮ ಗಾದೆ ಕೇಳುತ್ತದೆ. ಕೋಳಿಯ ಮಾತು ಹಾಗಿರಲಿ. ಖಾರ ಅರೆದವಳನ್ನಾದರೂ ಯಾರಾದರೂ ಕೇಳಿದ್ದುಂಟೆ? ಮೊದಲು ಕೇಳದೆಯೇ ಕತ್ತನ್ನು ಕೊಟ್ಟೆವು. ಈಗ ಕೇಳದೆಯೇ ಕಸಿದುಕೊಂಡೆನು. ಆಕೆ ಹೇಳಿದುದನ್ನು ತ್ಯಾಗವೆಂದು ಅರ್ಥಮಾಡಿಕೊಳ್ಳುವಷ್ಟು ಓದಿಕೊಂಡಿದ್ದ ನಾನು, ಹೇಳಿದ ಮಾತನ್ನು ಹೇಳಿದ ಹಾಗೆಯೇ ನಂಬುವಷ್ಟು ಸರಳನಾಗಿರಲಿಲ್ಲ. ದಮಯಂತಿ ಒಂದು ತುಣುಕಿನಲ್ಲಿ ಗಂಡನನ್ನು ಗುರುತಿಸಿದಳು. ನನಗೆ ಹೆಂಡತಿಯನ್ನು ಗುರುತಿಸುವುದಕ್ಕೆ ನಲವತ್ತು ವರ್ಷಗಳ ಕತ್ತಿನ ತುಂಡುಗಳು ಸಾಲದೆ, ಇಲ್ಲದ ಒಂದು ತುಂಡು ಬೇಕಾಯಿತು. ನನ್ನ ತಾಯಿಗೂ ಅದೇ ಅರ್ಧ ಗಂಟೆ ಇಷ್ಟವಾಗಿತ್ತೋ, ಅಥವಾ ಆಕೆಗೆ ನಿಜವಾಗಿಯೂ ತೊಡೆ ಬೇಕಾಗಿತ್ತೋ, ಕೇಳುವುದಕ್ಕೆ ಈಗ ಆಕೆಯಿಲ್ಲ.

ಮುಂದಿನ ಭಾನುವಾರ ಮತ್ತೆ ಆ ಅಂಗಡಿಗೆ ಹೋಗಿ, 600 ಗ್ರಾಂ ಚರ್ಮಸಹಿತವಾದ ಕೋಳಿಯ ಜೊತೆಗೆ ಕತ್ತನ್ನು ಕತ್ತರಿಸದೆ ಇಡಿಯಾಗಿ ಕೊಡಬೇಕೆಂದು ಕೇಳಿದೆ. ಹುಡುಗ ನನ್ನ ಮುಖವನ್ನೂ ನಾಯಿಯ ಮುಖವನ್ನೂ ನೋಡಿ, "ಅದಕ್ಕೆ ದುಡ್ಡು ಬೇಡ ಬಿಡಿ ಮೇಷ್ಟ್ರೇ" ಎಂದು ಕಟ್ಟಿ ಕೊಟ್ಟನು. ಈ ಸಲ ಉಪ್ಪು ಹಾಕುವಾಗ ಏನನ್ನೂ ಯೋಚಿಸಲಿಲ್ಲ. ಅಕ್ಕಿಯ ಮೇಲೆ ಉಳಿದ ತುಂಡುಗಳ ನಡುವೆ ಕತ್ತು ಬಿಲ್ಲಿನಂತೆ ಬಾಗಿ ಬೆಂದಿತು. ಊಟದ ಕೊನೆಯಲ್ಲಿ ಅದನ್ನು ಆಕೆಯ ತಟ್ಟೆಗಿಟ್ಟು, ಆ ಅರ್ಧ ಗಂಟೆಯನ್ನು ಆಕೆಗೇ ಬಿಟ್ಟುಕೊಡಬೇಕೆಂದು ಕುರ್ಚಿಯಿಂದ ಏಳುವುದರಲ್ಲಿದ್ದೆ.

"ಎಲ್ಲಿಗೆ ಹೊರಟ್ರಿ?" ಎಂದಳು. ಹೇಳಿದೆ. "ಈಗ ನೀರು ಕೇಳೋರು ಯಾರಿದಾರೆ ಮನೇಲಿ, ಕೂತ್ಕೊಳ್ಳಿ" ಎಂದು, ಕತ್ತನ್ನು ನಡುವೆ ಮುರಿದು ಅರ್ಧವನ್ನು ನನ್ನ ತಟ್ಟೆಗೆ ಹಾಕಿದಳು.

ಕೋಳಿಯ ಕತ್ತಿನಲ್ಲಿ ಮೂಳೆಯ ಮಣಿಗಳು ಹದಿನಾಲ್ಕು. ಮನುಷ್ಯನ ಕತ್ತಿನಲ್ಲಿ ಏಳೇ. ಒಂದೊಂದನ್ನೂ ಬಿಡಿಸುವ ಹದವನ್ನು ಆಕೆ ತೋರಿಸಿಕೊಟ್ಟಳು. ಸಂದಿಯಲ್ಲಿ ಹೆಬ್ಬೆರಳಿಟ್ಟು ತಿರುವಬೇಕು, ಎಳೆಯಕೂಡದು. ಮೊದಲನೆಯದಕ್ಕೆ ಐದು ನಿಮಿಷ ಹಿಡಿಯಿತು. ಬೀದಿಯ ದೀಪ ಹತ್ತಿತು. ಆಕೆ ತವರಿನ ಹಿತ್ತಲಿನಲ್ಲಿದ್ದ ಹುಂಜವೊಂದರ ಕಥೆಯನ್ನು ತೆಗೆದಳು. ನಲವತ್ತು ವರ್ಷದಲ್ಲಿ ನಾನು ಅದನ್ನು ಕೇಳಿರಲಿಲ್ಲ. ಕಥೆ ಮುಗಿದಾಗ ನನ್ನ ತಟ್ಟೆಯ ಅಂಚಿನಲ್ಲಿ ಸಾಲಾಗಿ ಏಳು ಮಣಿಗಳಿದ್ದವು, ಆಕೆಯದರಲ್ಲಿ ಏಳು. ಬಾಣಲೆಯ ತಳಕ್ಕೆ ಅನ್ನ ಒಣಗಿ ಗಟ್ಟಿಯಾಗಿ ಹಿಡಿದುಬಿಟ್ಟಿತ್ತು, ಅದನ್ನು ತಿಕ್ಕುವ ಸರದಿ ನನ್ನದಾಗಿತ್ತು.